ನೀಲಿ ಪಟ್ಟಿಯೊಳಗೆ ಯಾರ ಜೀವ?

ಪರದೆಯ ಕೆಳಗೆ ಎಡಕ್ಕೊಂದು ಕೆಂಪು ಗೋಳ, ಬಲಕ್ಕೊಂದು ನೀಲಿ ಗೋಳ. 1996ರ ಡಯಾಬ್ಲೊ ಎಂಬ ಕಂಪ್ಯೂಟರ್ ಆಟ ಆಡಿದವರಿಗೆ ಇದು ಕಣ್ಣಿಗೆ ಕಟ್ಟಿದ ಚಿತ್ರ. ಕೆಂಪು ಎಂದರೆ ಜೀವ, ನೀಲಿ ಎಂದರೆ ಮಾನಾ. ಮಂತ್ರ ಹಾಕಿದ ಹಾಗೆಲ್ಲ ನೀಲಿ ಇಳಿಯುತ್ತದೆ. ತಳ ಕಂಡರೆ ಒಂದು ನೀಲಿ ಸೀಸೆ ಕುಡಿದರಾಯಿತು, ಮತ್ತೆ ತುಂಬುತ್ತದೆ. ಆಮೇಲೆ ಬಂದ ಎಷ್ಟೋ ಆಟಗಳಲ್ಲಿ ಗೋಳ ಹೋಗಿ ಪಟ್ಟಿ ಬಂದಿದೆ. ಬಣ್ಣ ಮಾತ್ರ ಅದೇ, ಲೆಕ್ಕವೂ ಅದೇ. ಮನೆ ಮೇಲಿನ ನೀರಿನ ಟ್ಯಾಂಕ್ ಥರ. ಖಾಲಿಯಾಗುತ್ತದೆ, ತುಂಬುತ್ತದೆ. ಯಾವ ಹೊಳೆಯ ನೀರು, ಯಾರ ಪಾಲಿನದು ಎಂದು ನಲ್ಲಿ ತಿರುಗಿಸುವವರು ಕೇಳುವುದಿಲ್ಲ.

ನಾನು ಕೆಲವು ಗೆಳೆಯರಿಗೆ ಕನ್ನಡದಲ್ಲೇ ರೋಲ್‌ಪ್ಲೇಯಿಂಗ್ ಆಟ ಆಡಿಸುತ್ತೇನೆ. ಕಂಪ್ಯೂಟರ್ ಇಲ್ಲ. ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಮಾತಿನಲ್ಲೇ ಕಥೆ ಕಟ್ಟುವ ಆಟ. ಇಂಗ್ಲಿಷ್ ಪುಸ್ತಕದ ಲೋಕ ಬಿಟ್ಟು ನಮ್ಮದೇ ಒಂದು ಲೋಕ ಕಟ್ಟೋಣ ಎಂದು ಕೂತಾಗ ಮೊದಲು ಎದ್ದ ಪ್ರಶ್ನೆ ಇದು: ಮಂತ್ರ ಹಾಕಲು ಬೇಕಾದ ಆ ಶಕ್ತಿಯನ್ನು ಏನೆಂದು ಕರೆಯೋಣ? ಸುಮ್ನೆ ಒಂದು ಹೆಸರು ಇಟ್ಟರಾಯಿತು ಎಂದು ಕೆಲವರು ಅಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಈ ಆಟಗಳನ್ನು ಆಡಿ, ಅವುಗಳ ನಿಯಮದ ಪುಸ್ತಕ ಓದಿ ನನಗೆ ಮನದಟ್ಟಾಗಿರುವುದು ಒಂದೇ. ಜೀವಶಕ್ತಿಗೆ ಹೆಸರಿಟ್ಟ ಕೂಡಲೇ ಅದು ಯಾರದ್ದು, ಅದರ ಬೆಲೆ ಯಾರು ಕಟ್ಟುತ್ತಾರೆ ಎಂಬುದನ್ನೂ ನಾವು ಹೇಳಿಬಿಟ್ಟಿರುತ್ತೇವೆ. ಹೇಳದೆ ಜಾರಿಕೊಂಡರೆ ಅದೂ ಒಂದು ಉತ್ತರವೇ.

ಮಾನಾದಿಂದಲೇ ಶುರು ಮಾಡುತ್ತೇನೆ. ಈ ಪದ ಸವೆದಷ್ಟು ಬೇರೆ ಯಾವುದೂ ಸವೆದಿಲ್ಲ.

ಅದು ಪೆಸಿಫಿಕ್ ಸಾಗರದ ದ್ವೀಪಗಳ ಮಾತು. ಯುರೋಪಿನ ಓದುಗರಿಗೆ ಅದನ್ನು ದೊಡ್ಡದಾಗಿ ಪರಿಚಯಿಸಿದವರು ರಾಬರ್ಟ್ ಹೆನ್ರಿ ಕಾಡ್ರಿಂಗ್ಟನ್ ಎಂಬ ಇಂಗ್ಲಿಷ್ ಪಾದ್ರಿ. ಮೆಲನೇಷಿಯಾದ ಜನರ ಬಗ್ಗೆ 1891ರಲ್ಲಿ ಅವರು ಬರೆದ ಪುಸ್ತಕದಲ್ಲಿ ಒಂದು ಕಲ್ಲಿನ ವಿಷಯ ಬರುತ್ತದೆ. ಒಬ್ಬ ಮನುಷ್ಯನಿಗೆ ದಾರಿಯಲ್ಲಿ ಒಂದು ಕಲ್ಲು ಸಿಗುತ್ತದೆ. ಆಕಾರ ವಿಚಿತ್ರ. ಯಾವುದೋ ಹಣ್ಣಿನ ಥರ ಕಾಣುತ್ತದೆ. ಇದರಲ್ಲಿ ಮಾನಾ ಇರಬಹುದು ಅಂದುಕೊಳ್ಳುತ್ತಾನೆ. ತಂದು ಅದೇ ಹಣ್ಣಿನ ಮರದ ಬುಡದಲ್ಲಿ ಇಡುತ್ತಾನೆ, ಇಲ್ಲವೇ ತೋಟದ ಮಣ್ಣಿನಲ್ಲಿ ಹೂಳುತ್ತಾನೆ. ಆ ವರ್ಷ ಫಸಲು ಚೆನ್ನಾಗಿ ಬಂದರೆ ಅವನ ಊಹೆ ಸರಿ. ಕಲ್ಲಿಗೆ ಮಾನಾ ಇತ್ತು.

ಇಲ್ಲಿ ಕಲ್ಲನ್ನು ಅಳೆಯುವವರು ಯಾರೂ ಇಲ್ಲ. ಫಸಲು ಬಂದ ಮೇಲೆಯೇ ಗೊತ್ತಾಗುವುದು. ಮಾನಾ ಮೊದಲೇ ತುಂಬಿಟ್ಟ ಸರಕಲ್ಲ, ಕೆಲಸ ಕೈಗೂಡಿದಾಗ ಕಾಣುವ ಗುಣ. ಕಾಡ್ರಿಂಗ್ಟನ್ ಸ್ವತಃ ಅದನ್ನು ಒಂದು ಅಗೋಚರ ಶಕ್ತಿ ಎಂದೇ ವಿವರಿಸಿದರು, ಅವರ ನಂತರದ ಯುರೋಪಿನ ವಿದ್ವಾಂಸರು ಆ ಮಾತನ್ನು ಇನ್ನಷ್ಟು ಹಿಗ್ಗಿಸಿದರು. 1984ರಲ್ಲಿ ರೋಜರ್ ಕೀಸಿಂಗ್ ಎಂಬ ಮಾನವಶಾಸ್ತ್ರಜ್ಞ ಇದನ್ನು ಪ್ರಶ್ನಿಸಿದರು. ಅವರು ಸಾಲೊಮನ್ ದ್ವೀಪಗಳ ಮಲೈಟಾದಲ್ಲಿ ಕ್ವಾಯೊ ಜನರ ನಡುವೆ ಕೆಲಸ ಮಾಡಿದವರು. ಆ ಕಡೆಯ ಬಹಳಷ್ಟು ಭಾಷೆಗಳಲ್ಲಿ ಮಾನಾ ಒಂದು ವಸ್ತುವಿನ ಹೆಸರಾಗಿ ಬರುವುದಕ್ಕಿಂತ ಫಲಿಸು, ಕೈಗೂಡು ಎಂಬಂಥ ಕ್ರಿಯೆಯಾಗಿ ಬರುವುದೇ ಹೆಚ್ಚು ಎಂದು ಅವರು ತೋರಿಸಿದರು. ಅಂದರೆ ಟ್ಯಾಂಕಿನಲ್ಲಿ ತುಂಬಿಡಲು ಆಗದಂಥದ್ದು.

ನ್ಯೂಜಿಲೆಂಡಿನ ಮಾವೊರಿಗಳಲ್ಲಿ ಇದೇ ಪದಕ್ಕೆ ಇನ್ನೊಂದು ತೂಕ. ಅಲ್ಲಿ ಮಾನಾ ಎಂದರೆ ಅಧಿಕಾರ, ಘನತೆ, ಹಿರಿಯರಿಂದ ಬಂದು ನಡತೆಯಿಂದ ಉಳಿಯುವ ಮರ್ಯಾದೆ. 1835ರಲ್ಲಿ ಮಾವೊರಿ ಮುಖಂಡರು ಸಹಿ ಹಾಕಿದ ಸ್ವಾತಂತ್ರ್ಯ ಘೋಷಣೆಯಲ್ಲಿ ನೆಲದ ಮೇಲಿನ ತಮ್ಮ ಅಧಿಕಾರವನ್ನು ಹೇಳಲು ಬಳಸಿದ್ದು ಇದೇ ಪದ. ಇಂದಿಗೂ ಅದು ಅಲ್ಲಿ ದಿನಬಳಕೆಯ, ಕೋರ್ಟು ಕಚೇರಿಗಳಲ್ಲೂ ಕೇಳಿಬರುವ ಮಾತು. ಒಂದು ಜನಾಂಗ ತನ್ನ ನೆಲದ ಹಕ್ಕಿಗೆ ಇಟ್ಟ ಹೆಸರು, ನಮ್ಮ ಮಕ್ಕಳು ಆಡುವ ಆಟದಲ್ಲಿ ನೀಲಿ ಸೀಸೆಯ ಹೆಸರಾಗಿದೆ. ಇದನ್ನು ತಪ್ಪು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪದಗಳು ಊರೂರು ಸುತ್ತುತ್ತವೆ. ಆದರೆ ಸುತ್ತುವಾಗ ಏನು ಉದುರಿಹೋಯಿತು ಎಂದು ನೋಡಲೇಬೇಕು ಅಲ್ವಾ?

ಉದುರಿದ್ದು ಎಲ್ಲಿ? ದೊಡ್ಡ ತಿರುವು 1969ರದ್ದು. ಅಮೆರಿಕದ ವೈಜ್ಞಾನಿಕ ಕತೆಗಾರ ಲ್ಯಾರಿ ನಿವೆನ್ ಆ ವರ್ಷ ಒಂದು ಸಣ್ಣಕತೆ ಬರೆದರು. ಅದರಲ್ಲಿ ಒಬ್ಬ ಮಾಂತ್ರಿಕನಿಗೆ ತಾನು ಒಂದೇ ಜಾಗದಲ್ಲಿ ಬಹಳ ಕಾಲ ನಿಂತರೆ ಮಂತ್ರಗಳು ದುರ್ಬಲವಾಗುತ್ತವೆ ಎಂದು ಗೊತ್ತಾಗುತ್ತದೆ. ಯಾಕೆಂದು ಪರೀಕ್ಷಿಸಲು ಒಂದು ಲೋಹದ ತಟ್ಟೆ ಮಾಡುತ್ತಾನೆ. ಅದು ಹೆಚ್ಚು ಹೆಚ್ಚು ವೇಗವಾಗಿ ತಿರುಗುತ್ತಲೇ ಇರಲಿ ಎಂದು ಒಂದು ಮಂತ್ರ. ತಿರುಗಿದ ರಭಸಕ್ಕೆ ಒಡೆಯದಿರಲಿ ಎಂದು ಇನ್ನೊಂದು. ತಟ್ಟೆ ತಿರುಗುತ್ತಾ ತಿರುಗುತ್ತಾ ಸುತ್ತಲಿನ ಮಾನಾವನ್ನೆಲ್ಲ ತಿಂದು ಮುಗಿಸಿ ನಿಲ್ಲುತ್ತದೆ. ಆ ಜಾಗದಲ್ಲಿ ಇನ್ನೆಂದೂ ಮಂತ್ರ ನಡೆಯುವುದಿಲ್ಲ. ನೆಲದೊಳಗಿನ ಎಣ್ಣೆಯ ಹಾಗೆ ಮಾನಾ ಕೂಡ ತೆಗೆದಷ್ಟೂ ಮುಗಿಯುವಂಥದ್ದು ಎಂಬ ಕಲ್ಪನೆ ಅಲ್ಲಿಂದ ಆಟಗಾರರ ತಲೆಗೆ ಬಂತು.

ನಿವೆನ್ ಕಲ್ಪನೆಯಲ್ಲಿ ಭಯವಿತ್ತು. ಮುಗಿದರೆ ಮುಗಿಯಿತು. ಆಟಗಳು ಎಣಿಕೆಯನ್ನು ಮಾತ್ರ ಎತ್ತಿಕೊಂಡವು. ಮುಗಿಯುವುದನ್ನು ಇಟ್ಟುಕೊಂಡವು, ಮುಗಿದೇ ಹೋಗುವುದನ್ನು ಬಿಟ್ಟವು. ರಾತ್ರಿ ಮಲಗಿ ಎದ್ದರೆ ತುಂಬಿರುತ್ತದೆ. ಒಂದು ಅಪವಾದ ಹೇಳಬೇಕು. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಮಾಡಿದ ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಇಸ್ಪೀಟಿನಂಥ ಆಟದಲ್ಲಿ ಮಾನಾ ಬರುವುದು ನೆಲದಿಂದ. ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು. ಐದು ನೆಲಕ್ಕೆ ಐದು ಬಣ್ಣದ ಮಾನಾ. ಪದದ ಹಳೆಯ ನಂಟು ಅಲ್ಲಿ ಹೇಗೋ ಒಂದಿಷ್ಟು ಉಳಿದಿದೆ. ಆದರೆ ಆ ನೆಲದ ಇಸ್ಪೀಟೆಲೆಯನ್ನು ಅಡ್ಡ ತಿರುಗಿಸಿ ಮಾನಾ ತೆಗೆದರೆ ಮುಂದಿನ ಸರದಿಗೆ ಮತ್ತೆ ನೆಟ್ಟಗೆ ನಿಲ್ಲುತ್ತದೆ. ನೆಲಕ್ಕೆ ದಣಿವೇ ಇಲ್ಲ.

ಈ ಬಗೆಯ ಆಟಗಳಿಗೆಲ್ಲ ಮೂಲವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಮೊದಲು ಮಾನಾ ಇರಲೇ ಇಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಆ ಆಟದಲ್ಲಿ ಮಾಂತ್ರಿಕ ಮಂತ್ರವನ್ನು ಬಾಯಿಪಾಠ ಮಾಡಿಕೊಳ್ಳುತ್ತಾನೆ. ಒಮ್ಮೆ ಹೇಳಿದ ಮೇಲೆ ಅದು ಮರೆತುಹೋಗುತ್ತದೆ. ಮತ್ತೆ ಓದಬೇಕು. ಶಕ್ತಿ ತುಂಬಿಸುವ ಮಾತೇ ಇಲ್ಲ.

ಆದರೆ ಜೀವಶಕ್ತಿ ಎಂಬ ಮಾತು ಅಲ್ಲಿತ್ತು, ಅದೂ ಯಾರೂ ನಿರೀಕ್ಷಿಸದ ಮೂಲೆಯಲ್ಲಿ. ವೈಟ್ ಎಂಬ ಒಂದು ಪಿಶಾಚಿ ಬರುತ್ತದೆ. ಸತ್ತರೂ ಸಾಯದ ಹೆಣ. ಅದರ ಏಟು ಒಂದು ಬಿದ್ದರೆ ಒಂದು ಲೆವೆಲ್ ಜೀವಶಕ್ತಿ ಹೋಗುತ್ತದೆ. ವ್ಯಾಂಪೈರ್ ಆದರೆ ಎರಡು. ಇದು ಗಾಯವಲ್ಲ, ಔಷಧಿ ಹಚ್ಚಿದರೆ ವಾಸಿಯಾಗುವುದಿಲ್ಲ. ಆಟ ಗೊತ್ತಿಲ್ಲದವರಿಗೆ ಒಂದು ಮಾತು: ಲೆವೆಲ್ ಎಂದರೆ ಪಾತ್ರ ಇಲ್ಲಿಯವರೆಗೆ ಗಳಿಸಿದ ಅನುಭವ. ತಿಂಗಳುಗಟ್ಟಲೆ ವಾರವಾರ ಕೂತು ಆಡಿ, ಗುಹೆ ದಾಟಿ, ಜೊತೆಗಾರರನ್ನು ಕಳೆದುಕೊಂಡು ಗಳಿಸಿದ್ದು. ಆ ಹೆಣದ ಕೈ ಸೋಕಿದರೆ ಅದರಲ್ಲಿ ಒಂದು ಮೆಟ್ಟಿಲು ಅಳಿಸಿಹೋಗುತ್ತದೆ. ಐದನೇ ಲೆವೆಲ್‌ನ ಯೋಧ ನಾಲ್ಕಕ್ಕೆ ಬೀಳುತ್ತಾನೆ.

ಈ ನಿಯಮವನ್ನು ಆಟಗಾರರು ಬಹಳ ದ್ವೇಷಿಸಿದರು. ನನಗೆ ಮಾತ್ರ ಇದು ಈ ಆಟಗಳಲ್ಲೇ ಆಳವಾದ ಕಲ್ಪನೆಗಳಲ್ಲಿ ಒಂದು ಅನ್ನಿಸುತ್ತದೆ. ಜೀವ ಎಂದರೆ ರಕ್ತವಲ್ಲ, ಉಸಿರಲ್ಲ, ಬದುಕಿದ್ದಷ್ಟೂ ಬದುಕು. ಕಲಿತದ್ದು, ಕಂಡದ್ದು. ಅದನ್ನು ಕಸಿಯುವುದೇ ಸಾವಿನ ಕೆಲಸ. ಪುಸ್ತಕ ಅದನ್ನು ವಿವರಿಸಲು ಹೋಗುವುದಿಲ್ಲ. ಪಾತ್ರದ ವಿವರ ಬರೆದ ಹಾಳೆಯ ಮೇಲೆ ರಬ್ಬರ್ ಆಡಿದಾಗ ಆಟಗಾರನಿಗೆ ಹೊಟ್ಟೆಯೊಳಗೆ ಗೊತ್ತಾಗುತ್ತದೆ. ಮುಂದಿನ ಆವೃತ್ತಿಗಳಲ್ಲಿ ಇದು ಮೆತ್ತಗಾಗುತ್ತಾ ಬಂತು. 2014ರ ಐದನೇ ಆವೃತ್ತಿಯ ವೈಟ್ ನಿಮ್ಮ ಜೀವದ ಅಂಕ, ಅಂದರೆ ಹಿಟ್ ಪಾಯಿಂಟ್‌ನ ಮಿತಿಯನ್ನು ಇಳಿಸುತ್ತದೆ ಅಷ್ಟೆ. ಒಂದು ರಾತ್ರಿ ಚೆನ್ನಾಗಿ ಮಲಗಿದರೆ ಸರಿಹೋಗುತ್ತದೆ. ಆಟ ಸರಾಗವಾಯಿತು, ನಿಜ. ಜೀವಶಕ್ತಿ ಮತ್ತೆ ಟ್ಯಾಂಕಿಗೆ ಬಂತು.

1975ರಲ್ಲಿ ಕೆನ್ ಸೇಂಟ್ ಆಂಡ್ರೆ ಮಾಡಿದ ಟನಲ್ಸ್ ಅಂಡ್ ಟ್ರೋಲ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿ ಮಂತ್ರಕ್ಕೆ ಕೊಡಬೇಕಾದದ್ದು ಮೈಯ ಬಲವನ್ನೇ. ಕತ್ತಿ ಎತ್ತಲು ಬೇಕಾದ ಅದೇ ಬಲ. ಮಂತ್ರ ಹಾಕಿದ ಮಾಂತ್ರಿಕ ಸುಸ್ತಾಗಿ ಕೂರುತ್ತಾನೆ. ಸರಳ, ಪ್ರಾಮಾಣಿಕ. ದುಡಿದು ಬಂದ ಯಾರಿಗಾದರೂ ಅರ್ಥವಾಗುವ ನಿಯಮ.

1991ರ ವ್ಯಾಂಪೈರ್: ದಿ ಮಾಸ್ಕರೇಡ್‌ನಲ್ಲಿ ಆಟಗಾರರೇ ರಕ್ತಪಿಶಾಚಿಗಳು. ಶಕ್ತಿಯ ಹೆಸರು ನೇರವಾಗಿ ರಕ್ತ. ಪ್ರತಿ ಸಂಜೆ ಎದ್ದೇಳಲಿಕ್ಕೇ ಒಂದು ಅಂಕ ರಕ್ತ ಖರ್ಚು. ಏನೂ ಮಾಡದೆ ಬಿದ್ದುಕೊಂಡರೂ ಹಸಿವು ಬರುತ್ತದೆ. ತುಂಬಿಸಬೇಕಾದರೆ ಯಾರನ್ನಾದರೂ ಹುಡುಕಿಕೊಂಡು ಹೋಗಬೇಕು. ಆ ಯಾರಾದರೂ ಎಂಬವರಿಗೆ ಒಂದು ಮುಖ, ಒಂದು ಮನೆ ಇರುತ್ತದೆ. ಆಟ ಆಡಿಸುವವರು ಒಳ್ಳೆಯವರಾದರೆ ಅವರಿಗೊಂದು ಹೆಸರನ್ನೂ ಕೊಡುತ್ತಾರೆ. ನೀಲಿ ಸೀಸೆ ಕುಡಿಯುವಾಗ ಬಾರದ ಪ್ರಶ್ನೆ ಇಲ್ಲಿ ತಪ್ಪದೆ ಬರುತ್ತದೆ. ಇದಕ್ಕೂ ಎರಡು ವರ್ಷ ಮೊದಲು ಬಂದ ಶ್ಯಾಡೋರನ್‌ನಲ್ಲಿ ಎಸೆನ್ಸ್ ಎಂಬ ಅಂಕ ಇದೆ. ಎಲ್ಲರಿಗೂ 6. ಮೈಗೆ ಯಂತ್ರ ಕೂಡಿಸಿಕೊಂಡ ಹಾಗೆಲ್ಲ ಅದು ಇಳಿಯುತ್ತದೆ. ಕೈಕಾಲು ಚುರುಕಾಗಲೆಂದು ನರಗಳಿಗೆ ತಂತಿ ಹಾಕಿಸಿಕೊಂಡರೆ ಅತಿ ಸಣ್ಣ ದರ್ಜೆಗೇ 2 ಹೋಯಿತು. ಸೊನ್ನೆಗೆ ಬಂದರೆ ಸಾವು. ಅಂಗ ಕಳೆದುಕೊಂಡವರು ಕೃತಕ ಅಂಗ ಹಾಕಿಸಿಕೊಂಡರೆ ಅವರ ಆತ್ಮ ಕುಂದುತ್ತದೆ ಎಂದಂತಾಗುತ್ತದೆ, ಅದು ನನಗೆ ಇಂದಿಗೂ ಹಿಡಿಸುವುದಿಲ್ಲ. ಆದರೂ ಹೋದದ್ದು ಹೋಯಿತು ಎಂಬ ನಿಷ್ಠುರತೆ ಆ ನಿಯಮದಲ್ಲಿದೆ.

ಇವೆಲ್ಲದರಲ್ಲಿ ನನ್ನ ಮನಸ್ಸಿಗೆ ಜಾಸ್ತಿ ಹತ್ತಿರವಾದದ್ದು ಡಾರ್ಕ್ ಸನ್. ಇದೂ 1991ರದ್ದೇ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಒಂದು ಲೋಕ. ಹೆಸರು ಆಥಸ್. ಕೆಂಪು ಸೂರ್ಯ, ಎತ್ತ ನೋಡಿದರೂ ಮರಳು. ಲೋಹ ಎಷ್ಟು ಅಪರೂಪ ಎಂದರೆ ಜನ ಎಲುಬಿನ ಕತ್ತಿ, ಕಲ್ಲಿನ ಕೊಡಲಿ ಹಿಡಿದು ಹೋರಾಡುತ್ತಾರೆ. ಒಂದು ಕೊಡ ನೀರಿಗೆ ಕೊಲೆಯಾಗುತ್ತದೆ. ಈ ಲೋಕ ಮೊದಲಿನಿಂದ ಹೀಗಿರಲಿಲ್ಲ. ಹಸಿರಾಗಿತ್ತು. ಅದನ್ನು ಮಾಂತ್ರಿಕರೇ ಸುಟ್ಟರು.

ಅಲ್ಲಿಯ ನಿಯಮ ಇಷ್ಟೇ: ಮಂತ್ರಕ್ಕೆ ಬೇಕಾದ ಶಕ್ತಿ ಗಿಡಮರಗಳ ಜೀವದಿಂದ ಬರುತ್ತದೆ. ಅದನ್ನು ತೆಗೆಯುವ ಬಗೆ ಎರಡು. ಗಿಡ ಸಾಯದ ಹಾಗೆ ನೋಡಿಕೊಂಡು, ಎಚ್ಚರದಿಂದ ತೆಗೆಯುವವರು ಪ್ರಿಸರ್ವರ್‌ಗಳು. ಸಿಕ್ಕಿದ್ದನ್ನೆಲ್ಲ ಹೀರುವವರು ಡಿಫೈಲರ್‌ಗಳು. ಇವರು ಮಂತ್ರ ಹೇಳಿದಾಗ ಸುತ್ತಲಿನ ಹುಲ್ಲು, ಪೊದೆ ಎಲ್ಲ ಬೂದಿಯಾಗುತ್ತದೆ. ಆ ಮಣ್ಣು ಬರಡಾಗುತ್ತದೆ. ಬೂದಿಯ ವೃತ್ತ ಎಷ್ಟು ದೊಡ್ಡದು ಎಂದು ತಿಳಿಯಲು ಪುಸ್ತಕದಲ್ಲಿ ಒಂದು ಕೋಷ್ಟಕ ಇದೆ. ದಟ್ಟ ಹಸಿರಿನ ಜಾಗದಲ್ಲಿ ವೃತ್ತ ಚಿಕ್ಕದು. ಬರಡು ನೆಲದಲ್ಲಿ ದೊಡ್ಡದು, ಯಾಕೆಂದರೆ ಅಷ್ಟೇ ಶಕ್ತಿ ಕೂಡಿಸಲು ಇನ್ನಷ್ಟು ದೂರದ ಹುಲ್ಲುಕಡ್ಡಿಯನ್ನೂ ಎಳೆಯಬೇಕು. ಬಡ ನೆಲವೇ ಜಾಸ್ತಿ ಕಳೆದುಕೊಳ್ಳುತ್ತದೆ. ಒಂದು ಕೋಷ್ಟಕ ಇಷ್ಟು ಹೇಳಬಲ್ಲದು ಎಂದು ನನಗೆ ಅದನ್ನು ನೋಡುವವರೆಗೆ ಗೊತ್ತಿರಲಿಲ್ಲ.

ಇನ್ನೂ ಒಂದು ವಿಷಯ. ಆ ಆವೃತ್ತಿಯಲ್ಲಿ ಡಿಫೈಲರ್ ಪ್ರಿಸರ್ವರ್‌ಗಿಂತ ಬೇಗ ಲೆವೆಲ್ ಏರುತ್ತಾನೆ. ಹಾಳು ಮಾಡುವವನಿಗೆ ಬಡ್ತಿ ಬೇಗ. ನಿಯಮವೇ ಆಟಗಾರನನ್ನು ಆಸೆಗೆ ದೂಡುತ್ತದೆ, ಉಪದೇಶ ಮಾಡುವುದಿಲ್ಲ. ಮೇಜಿನ ಸುತ್ತ ಕೂತವರು ತಮ್ಮೊಳಗೇ ಜಗಳ ಆಡಬೇಕಾಗುತ್ತದೆ. ಊರಿನ ಜನರಿಗಂತೂ ಎರಡು ಬಗೆಯ ಮಾಂತ್ರಿಕರ ನಡುವೆ ವ್ಯತ್ಯಾಸ ಗೊತ್ತಿಲ್ಲ, ಇಬ್ಬರನ್ನೂ ಕಂಡರೆ ಆಗುವುದಿಲ್ಲ. ಗಿಡ ಉಳಿಸುವವರೂ ಕದ್ದುಮುಚ್ಚಿ ಬದುಕಬೇಕು. ಬರ ಕಂಡ ಊರಿನವರು ಈ ಲೋಕವನ್ನು ಓದಿದರೆ ಯಾವುದೂ ಹೊಸದು ಅನ್ನಿಸುವುದಿಲ್ಲ.

ಇದೇ ಮಾತನ್ನು ಕಥೆಯಾಗಿ ಕೋಟಿಗಟ್ಟಲೆ ಜನರಿಗೆ ಮುಟ್ಟಿಸಿದ್ದು ಜಪಾನಿನ ಫೈನಲ್ ಫ್ಯಾಂಟಸಿ 7. ಬಂದದ್ದು 1997ರಲ್ಲಿ. ಅಲ್ಲಿ ಭೂಮಿಯೊಳಗೆ ಜೀವದ ಹೊಳೆ ಹರಿಯುತ್ತದೆ, ಲೈಫ್‌ಸ್ಟ್ರೀಮ್. ಸತ್ತವರು ಅದಕ್ಕೆ ಸೇರುತ್ತಾರೆ, ಹುಟ್ಟುವವರು ಅದರಿಂದ ಬರುತ್ತಾರೆ. ಶಿನ್ರಾ ಎಂಬ ಕಂಪನಿ ಅದನ್ನು ಮೇಲಕ್ಕೆಳೆದು, ಮಾಕೊ ಎಂದು ಹೆಸರಿಟ್ಟು, ವಿದ್ಯುತ್ ಮಾಡಿ ಮಾರುತ್ತದೆ. ಹೆಸರು ಬದಲಾಯಿಸಿದ ಜಾಗವನ್ನು ಗಮನಿಸಿ. ಹೊಳೆ ಎಂದರೆ ಮಾರಲು ಕೈ ನಡುಗುತ್ತದೆ. ಮಾಕೊ ಎಂದರೆ ಬಿಲ್ ಕಳಿಸಬಹುದು. ಆ ಮಾಕೊ ಹರಳುಗಟ್ಟಿದರೆ ಮಟೀರಿಯಾ. ನಾವು ಆಡುವ ನಾಯಕರೂ ಅದನ್ನೇ ಕತ್ತಿಗೆ ಸಿಕ್ಕಿಸಿಕೊಂಡು ಬೆಂಕಿ, ಮಿಂಚು ಹೊಡೆಯುತ್ತಾರೆ. ಮಂತ್ರದ ಮಟೀರಿಯಾ ಹಾಕಿಕೊಂಡರೆ ಮೈಯ ಜೀವದ ಅಂಕವಾದ ಎಚ್‌ಪಿ ಸ್ವಲ್ಪ ಇಳಿಯುತ್ತದೆ, ಮಂತ್ರದ ಅಂಕವಾದ ಎಂಪಿ ಸ್ವಲ್ಪ ಏರುತ್ತದೆ. ಅಷ್ಟರ ಮಟ್ಟಿಗೆ ನಿಯಮಕ್ಕೂ ಬೆಲೆಯ ಅರಿವಿದೆ. ಆದರೆ ಭೂಮಿಯ ಲೆಕ್ಕ ಮಾತ್ರ ಎಲ್ಲೂ ಇಲ್ಲ. ಎಷ್ಟು ಮಂತ್ರ ಹಾಕಿದರೂ ಹೊಳೆ ಬತ್ತುವುದಿಲ್ಲ, ಎಂಪಿ ತುಂಬಲು ಒಂದು ಡೇರೆ ಹಾಕಿ ಮಲಗಿದರೆ ಸಾಕು. ಅಷ್ಟು ದೊಡ್ಡ ಕಥೆ ಹೇಳಿದ ಆಟ ಇನ್ನೊಂದು ಹೆಜ್ಜೆ ಇಡಬಹುದಿತ್ತು ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ಇನ್ನು ಏಷ್ಯಾದ ಪದಗಳು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಕೀ ಎಂಬ ಜಪಾನಿ ಪದ 1980ರ ದಶಕದಲ್ಲಿ ಬಂತು, ಕೈಕಾಲಲ್ಲೇ ಹೊಡೆದಾಡುವ ಸನ್ಯಾಸಿಗಳ ಶಕ್ತಿಯ ಹೆಸರಾಗಿ. 2014ರ ಪುಸ್ತಕದಲ್ಲಿ ಕೀ ಪಾಯಿಂಟ್ ಎಂದಿತ್ತು. 2024ರ ಪುಸ್ತಕದಲ್ಲಿ ಅದು ಫೋಕಸ್ ಪಾಯಿಂಟ್ ಆಗಿದೆ. ಅದರ ಪ್ರತಿಸ್ಪರ್ಧಿ ಪಾತ್‌ಫೈಂಡರ್ ಕೀ ಬಿಟ್ಟು ಛೀ ಎಂಬ ಚೀನೀ ರೂಪ ಹಿಡಿಯಿತು. ಒಂದು ಪಕ್ಷ ಪದವನ್ನೇ ಕೈಬಿಟ್ಟಿತು, ಇನ್ನೊಂದು ಪದದ ತವರಿಗೆ ಇನ್ನೂ ಹತ್ತಿರ ಹೋಯಿತು. ನನಗೆ ಎರಡನೆಯದೇ ಮೆಚ್ಚುಗೆ. ಕೀ ಎಂಬ ಒಂದೇ ಪದದಲ್ಲಿ ಏಷ್ಯಾವನ್ನೆಲ್ಲ ಮೂಟೆ ಕಟ್ಟುವುದು ಕೆಟ್ಟದ್ದು, ಒಪ್ಪುತ್ತೇನೆ. ಆದರೆ ಫೋಕಸ್ ಎಂದರೆ ಏನು? ಪರೀಕ್ಷೆಗೆ ಓದುವ ಹುಡುಗನಿಗೂ ಬೇಕಾದದ್ದು ಅದೇ. ಅದರಲ್ಲಿ ಉಸಿರಿಲ್ಲ. ಚೀನಾದವರೇ ಮಾಡುವ ಸಾಧನೆಯ ಆಟಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಛೀಯನ್ನು ಉಸಿರಿನಿಂದ ಒಳಗೆಳೆದು, ಹೊಕ್ಕುಳ ಕೆಳಗಿನ ದಾನ್‌ತಿಯೆನ್‌ನಲ್ಲಿ ಕೂಡಿಸಿ, ಪಳಗಿಸಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕು. ಖರ್ಚು ಮಾಡುವುದಕ್ಕಿಂತ ಮಾಗಿಸುವುದೇ ಆಟ. ಆ ಪದವನ್ನು ತಾತ ಮುತ್ತಾತನ ಕಾಲದಿಂದ ಬಳಸಿದವರ ಕೈಯಲ್ಲಿ ನಿಯಮವೂ ಬೇರೆಯಾಗುತ್ತದೆ.

ನಮ್ಮ ಪದಗಳೂ ಆ ಕಡೆ ಹೋಗಿವೆ. 2005ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಒಂದು ಪುಸ್ತಕ ಬಂತು. ಅದರಲ್ಲಿ ಇನ್‌ಕಾರ್ನಮ್ ಎಂಬ ಶಕ್ತಿ. ಬದುಕಿರುವವರ, ಸತ್ತವರ, ಇನ್ನೂ ಹುಟ್ಟದವರ ಆತ್ಮಗಳ ಸಾರ ಅದು. ಮೈನವಿರೇಳಿಸುವ ಕಲ್ಪನೆ. ಅದನ್ನು ಹಿಡಿದು ಒಡವೆಯಂತೆ, ಕವಚದಂತೆ ರೂಪಿಸಿ ಮೈಯ ಚಕ್ರಗಳಿಗೆ ಕಟ್ಟಿಕೊಳ್ಳಬೇಕು. ನೆತ್ತಿ, ಹುಬ್ಬಿನ ನಡು, ಗಂಟಲು, ಹೃದಯ ಸರಿ. ಆದರೆ ಅಲ್ಲಿ ಪಾದಕ್ಕೂ ಒಂದು ಚಕ್ರ, ಕೈಗೂ ಒಂದು, ಭುಜಕ್ಕೂ ಒಂದು. ಯಾಕೆಂದರೆ ಬೂಟು, ಕೈಗವಸು, ಶಾಲು ಹಾಕುವ ಜಾಗಗಳ ಪಟ್ಟಿ ಆಟದಲ್ಲಿ ಮೊದಲೇ ಇತ್ತು. ಬೆನ್ನುಮೂಳೆಗುಂಟ ಮೇಲೇರುವ ದಾರಿಯೇ ಚಕ್ರಗಳ ಜೀವಾಳ. ಆ ದಾರಿ ಹೋಗಿ ಗೂಟಗಳು ಉಳಿದವು.

ಹಾಗಾದರೆ ನಮ್ಮ ಮೇಜಿನ ಮೇಲೆ ಯಾವ ಪದ? ಮೊದಲು ಎಲ್ಲರ ಬಾಯಿಗೂ ಬಂದದ್ದು ಪ್ರಾಣ. ಹಾಳೆಯ ಮೇಲೆ ಬರೆದು ನೋಡಿದೆವು. ಪ್ರಾಣ 12. ಓದಿದ ತಕ್ಷಣ ಎಲ್ಲರಿಗೂ ಏನೋ ಸರಿಯಿಲ್ಲ ಅನ್ನಿಸಿತು. ಕನ್ನಡದಲ್ಲಿ ಪ್ರಾಣ ಇರುತ್ತದೆ, ಇಲ್ಲವೇ ಹೋಗುತ್ತದೆ. ಅರ್ಧ ಪ್ರಾಣ ಎಂಬುದನ್ನು ಬಳಲಿಕೆ ಹೇಳಲು ಅನ್ನುತ್ತೇವೆ, ಲೆಕ್ಕಕ್ಕಲ್ಲ. ಉಪನಿಷತ್ತಿನಲ್ಲಿ ಇಂದ್ರಿಯಗಳು ನಾ ಮೇಲು ತಾ ಮೇಲು ಎಂದು ಜಗಳ ಆಡುವ ಕಥೆ ಇದೆ. ಮಾತು ಒಂದು ವರ್ಷ ಬಿಟ್ಟುಹೋಗುತ್ತದೆ, ಮನುಷ್ಯ ಮೂಕನಾಗಿ ಬದುಕುತ್ತಾನೆ. ಕಣ್ಣು ಹೋಗುತ್ತದೆ, ಕುರುಡನಾಗಿ ಬದುಕುತ್ತಾನೆ. ಪ್ರಾಣ ಹೊರಡಲು ಎದ್ದಾಗ ಮಾತ್ರ ಉಳಿದವೆಲ್ಲ ಬುಡಸಮೇತ ಕಿತ್ತುಬರುತ್ತವೆ. ಒಳ್ಳೆಯ ಕುದುರೆ ಕಟ್ಟಿದ ಗೂಟಗಳನ್ನೇ ಕಿತ್ತುಕೊಂಡು ಹೊರಟಂತೆ ಎಂದು ಅಲ್ಲೇ ಹೇಳಿದೆ. ಅಂಥದ್ದನ್ನು ಹನ್ನೆರಡು ಎಂದು ಎಣಿಸುವುದು ಹೇಗೆ?

ಆಮೇಲೆ ನಾವು ಎಣಿಸಬಹುದಾದ ಮಾತುಗಳಿಗೆ ಹುಡುಕಾಡಿದೆವು. ಅಡುಗೆಮನೆಯಲ್ಲಿ, ಜಗಲಿಯಲ್ಲಿ ಆಡುವ ಮಾತಿನಲ್ಲೇ ಅವು ಇದ್ದವು. ಮೈಯಲ್ಲಿ ಕಸುವಿಲ್ಲ ಅನ್ನುತ್ತೇವೆ. ಉಂಡು ಮಲಗಿದರೆ ಕಸುವು ಬರುತ್ತದೆ. ದಿನದ ಸಣ್ಣಪುಟ್ಟ ಮಂತ್ರಗಳಿಗೆ ಕಸುವು ಸಾಕು. ಎರಡನೆಯದು ತಪಸ್ಸು. ಇದು ಗಳಿಸಬೇಕಾದದ್ದು, ಮತ್ತು ಕಳೆಯಬಹುದಾದದ್ದು. ವಿಶ್ವಾಮಿತ್ರನ ಕಥೆಯನ್ನು ಈ ಕಣ್ಣಿನಿಂದ ಓದಿದರೆ ಇಡೀ ಕಥೆಯೇ ತಪಸ್ಸಿನ ಜಮಾಖರ್ಚು. ತ್ರಿಶಂಕುವಿಗೆ ಸ್ವರ್ಗ ಕಟ್ಟಲು ಹೋಗಿ ಒಂದಿಷ್ಟು ಹೋಯಿತು. ಮೇನಕೆ ಬಂದಾಗ ಇನ್ನೊಂದಿಷ್ಟು. ರಂಭೆಗೆ ಕಲ್ಲಾಗು ಎಂದು ಶಾಪ ಕೊಟ್ಟಾಗ ಸಿಟ್ಟಿನಲ್ಲಿ ಉಳಿದದ್ದೂ ಹೋಯಿತು. ಮತ್ತೆ ಮೊದಲಿನಿಂದ ಶುರು. ನಮ್ಮ ನಿಯಮ ಹಾಗೆಯೇ ಬಂತು: ಪಾತ್ರ ಯಾವುದನ್ನಾದರೂ ಬೇಕೆಂದೇ ಬಿಟ್ಟಾಗ ತಪಸ್ಸು ಏರುತ್ತದೆ, ಸಿಟ್ಟಿನಲ್ಲಿ ದಾಳ ಉರುಳಿಸಿದರೆ ಇಳಿಯುತ್ತದೆ. ಸಿಟ್ಟಿನಲ್ಲಿ ಉರುಳಿಸಿದರೆ ಗೆಲ್ಲುವುದು ಸುಲಭ, ಅದೇ ಅದರ ಸೆಳೆತ.

ಮೂರನೆಯದು ಆಯಸ್ಸು. ಇದನ್ನು ವರ್ಷದ ಲೆಕ್ಕದಲ್ಲಿ ಎಣಿಸಬಹುದು, ತುಂಬಿಸಲು ಆಗುವುದಿಲ್ಲ. ಆದರೆ ಕೊಡಬಹುದು. ನನ್ನ ಆಯಸ್ಸೂ ನಿನಗೇ ಬರಲಿ ಎಂದು ಅಜ್ಜಿಯರು ತಲೆ ಸವರುತ್ತಾರೆ. ಮಹಾಭಾರತದ ರುರು ಅದನ್ನು ಮಾಡಿಯೇ ತೋರಿಸಿದ. ಮದುವೆಗೆ ಮುಂಚೆ ಪ್ರಮದ್ವರೆಗೆ ಹಾವು ಕಚ್ಚಿತು. ನಿನ್ನ ಆಯಸ್ಸಿನಲ್ಲಿ ಅರ್ಧ ಕೊಟ್ಟರೆ ಏಳುತ್ತಾಳೆ ಎಂದು ದೇವದೂತ ಹೇಳಿದ. ಕೊಟ್ಟ. ಎದ್ದಳು. ಯಯಾತಿಯ ಮಗ ಪುರು ಕೊಟ್ಟದ್ದು ಯೌವನ. ಅಣ್ಣಂದಿರು ನಾಲ್ವರು ಒಲ್ಲೆ ಎಂದ ಮೇಲೆ ಕೊಟ್ಟದ್ದು. ಯಾವ ಮ್ಯಾನ್ಯುಯಲ್ಲೂ ಇದಕ್ಕಿಂತ ಸ್ಪಷ್ಟವಾಗಿ ನಿಯಮ ಬರೆದಿಲ್ಲ.

ಆದ್ದರಿಂದ ನಮ್ಮ ಕ್ಯಾರೆಕ್ಟರ್ ಶೀಟಿನ ಮೇಲ್ತುದಿಯಲ್ಲಿ ಆಯಸ್ಸು ಎಂಬ ಒಂದು ಚೌಕ ಇದೆ. ಪಾತ್ರ ಹುಟ್ಟಿದಾಗಲೇ ದಾಳ ಉರುಳಿಸಿ, ಇನ್ನೆಷ್ಟು ವರ್ಷ ಬಾಕಿ ಎಂದು ಬರೆಯುತ್ತೇವೆ. ದೊಡ್ಡ ಮಂತ್ರಗಳಿಗೆಲ್ಲ ಅದರಿಂದಲೇ ಕೊಡಬೇಕು. ಬಹಳ ವಾರ ಯಾರೂ ಆ ಚೌಕ ಮುಟ್ಟಲಿಲ್ಲ. ಒಮ್ಮೆ ನದಿ ದಾಟುವಾಗ ಒಬ್ಬ ಹುಡುಗನ ಪಾತ್ರಕ್ಕೆ ವಿಷದ ಬಾಣ ತಗುಲಿತು. ಕಸುವಿನಿಂದ ಆಗುವ ಕೆಲಸವಲ್ಲ. ಯಾರ ಬಳಿಯೂ ಸಾಲುವಷ್ಟು ತಪಸ್ಸು ಇರಲಿಲ್ಲ. ಬೇಟೆಗಾರ್ತಿಯ ಪಾತ್ರ ಆಡುವ ಗೆಳತಿ ರಬ್ಬರ್ ಕೇಳಿದಳು. ಅವಳ ಚೌಕದಲ್ಲಿ 44 ಎಂದಿತ್ತು. ಅಳಿಸಿದಳು. 22 ಎಂದು ಬರೆದಳು. ಆಮೇಲೆ ಪಾತ್ರದ ವಯಸ್ಸು ನೋಡಿದಳು, 19. ಸ್ವಲ್ಪ ಹೊತ್ತು ಲೆಕ್ಕ ಹಾಕಿ, ‘ಅವನಿಗೆ ಹೇಳ್ಬಾರ್ದು. ಸುಮ್ನೆ ಬೇರು ಅರೆದು ಕುಡಿಸ್ದೆ ಅಂತ ಹೇಳಿ’ ಎಂದಳು. ಆ ಹುಡುಗನ ಪಾತ್ರ ಆಡುವವನು ಎದುರಿಗೇ ಕೂತಿದ್ದ. ಅವನಿಗೆ ಗೊತ್ತು, ಅವನ ಪಾತ್ರಕ್ಕೆ ಗೊತ್ತಿಲ್ಲ. ಅವತ್ತಿನಿಂದ ಅವನು ಆ ಹುಡುಗನನ್ನು ಆಡುವ ರೀತಿಯೇ ಬದಲಾಗಿದೆ. ಯಾರೂ ಕೇಳದೆ ಅವಳ ಪಾತ್ರದ ಮುಂದೆ ನಡೆಯುತ್ತಾನೆ, ಗುರಾಣಿ ಹಿಡಿದುಕೊಂಡು.

ಪದ ಮಾನಾ ಆಗಿದ್ದರೆ ಆ ರಬ್ಬರ್ ಆಡುತ್ತಿರಲಿಲ್ಲ. 44 ಎಂಪಿಯಲ್ಲಿ 22 ಖರ್ಚಾಯಿತು, ರಾತ್ರಿ ಮಲಗಿದರೆ ಬರುತ್ತದೆ, ಮುಂದೆ ನಡೆಯೋಣ ಅಷ್ಟೇ.

ಈಗ ನಮ್ಮಲ್ಲಿ ಒಂದು ವಾದ ನಡೆದಿದೆ. ಗುಂಪಿನಲ್ಲಿ ಒಬ್ಬ ಬ್ಯಾಂಕಿನವನಿದ್ದಾನೆ. ಅವನು ಕೇಳಿದ: ಆಯಸ್ಸು ಕೊಡಬಹುದು ಅಂದ್ರೆ ಮಾರಲೂಬಹುದು ಅಲ್ವಾ? ಕೆಲವರು ಅದು ಬೇಡವೇ ಬೇಡ, ಮನಸಾರೆ ಕೊಟ್ಟರೆ ಮಾತ್ರ ದಾಟುತ್ತದೆ ಎಂದು ನಿಯಮ ಮಾಡಿ ಎಂದರು. ಮನೆಯಲ್ಲಿ ಮಕ್ಕಳು ಹಸಿದಿದ್ದರೆ ಮನಸಾರೆ ಎಂದರೆ ಏನು ಎಂದು ಅವನು ತಿರುಗಿ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಆದ್ದರಿಂದ ಅದನ್ನು ಆಡಿಯೇ ನೋಡುವುದು ಎಂದು ತೀರ್ಮಾನವಾಗಿದೆ. ಮುಂದಿನ ಕಥೆಯಲ್ಲಿ ನದಿಯಾಚೆಯ ಊರಿನ ಸಾಹುಕಾರನೊಬ್ಬ ಬರಗಾಲದಲ್ಲಿ ಕೂಲಿಯವರಿಂದ ಆಯಸ್ಸು ಕೊಳ್ಳುತ್ತಿದ್ದಾನೆ. ಒಂದು ವರ್ಷಕ್ಕೆ ಎಷ್ಟು ಚೀಲ ರಾಗಿ ಎಂದು ಬ್ಯಾಂಕಿನವನೂ ಬೇಟೆಗಾರ್ತಿ ಗೆಳತಿಯೂ ಲೆಕ್ಕ ಹಾಕುತ್ತಿದ್ದಾರೆ. ಅವನು ಎರಡು ಎನ್ನುತ್ತಾನೆ. ಅವಳು ಹಾಗೆಲ್ಲ ಒಂದೇ ದರ ಇರಲ್ಲ, ಹಸಿವು ಜಾಸ್ತಿಯಾದಷ್ಟೂ ದರ ಇಳಿಯುತ್ತೆ, ಅದಕ್ಕೂ ಒಂದು ಕೋಷ್ಟಕ ಬೇಕು ಎನ್ನುತ್ತಾಳೆ.